ನೋಡುವ ಹಡಗು ಪಣಂಬೂರಿನಲ್ಲಿ, ಹತ್ತುವ ಹಡಗು ಮುಂಬಯಿಯಲ್ಲಿ!

ಚಳಿಗಾಲ ಶುರುವಾಯಿತೆಂದರೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶದ ಪ್ರವಾಸಿ ಹಡಗುಗಳ ಸವಾರಿ ಬರುತ್ತದೆ. ಬೆಳಿಗ್ಗೆ ಇಳಿದವರು ಕುದ್ರೋಳಿ ದೇವಸ್ಥಾನ, ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿ ಎಂದು ಸುತ್ತಿ, ಗೇರುಬೀಜದ ಪೊಟ್ಟಣ ಹಿಡಿದು ಸಂಜೆಗೆ ವಾಪಸು. ದೂರದಿಂದ ನೋಡುವವರ ಕಣ್ಣಿಗೆ ಅದು ನೀರಿನ ಮೇಲೆ ತೇಲುವ ಹತ್ತು ಮಾಳಿಗೆಯ ಹೋಟೆಲು. ಹಂಪನಕಟ್ಟೆಯ ಅಂಗಡಿಯಲ್ಲಿ, ಸುರತ್ಕಲ್ ಬಸ್ಸಿನ ಸೀಟಿನಲ್ಲಿ ಈಗ ಮಾತು ಇದೇ: "ಒಮ್ಮೆ ಹೆಂಡತಿ ಮಕ್ಕಳನ್ನು ಕರಕೊಂಡು ನಾವೂ ಹೋಗಿ ಬಂದರೆ ಹೇಗೆ ಮಾರಾಯ್ರೆ?"

ಹೋಗಬಹುದು. ಆದರೆ ಪಣಂಬೂರಿನಿಂದ ಅಲ್ಲ. ಇಲ್ಲಿಗೆ ಬರುವ ಹಡಗುಗಳಿಗೆ ನಮ್ಮ ಬಂದರು ದಾರಿಯ ನಿಲ್ದಾಣ ಮಾತ್ರ, ಎಕ್ಸ್‌ಪ್ರೆಸ್ ಬಸ್ಸಿಗೆ ಚಹಾದ ಹೋಟೆಲು ಇದ್ದ ಹಾಗೆ. ಪ್ರಯಾಣಿಕರು ಹತ್ತಿದ್ದು ಬೇರೆಲ್ಲೋ, ಇಳಿಯುವುದು ಇನ್ನೆಲ್ಲೋ. ದೇಶದೊಳಗಿನ ಕ್ರೂಸ್ ಹತ್ತಬೇಕೆಂದರೆ ಮುಖ್ಯವಾಗಿ ಮುಂಬಯಿಗೆ ಹೋಗಬೇಕು, ಇಲ್ಲವೇ ಕೊಚ್ಚಿ ಅಥವಾ ಚೆನ್ನೈಗೆ.

ಹಿಂದೊಂದು ಕಾಲದಲ್ಲಿ ಹೀಗಿರಲಿಲ್ಲ ಎಂಬುದು ಹಿರಿಯರಿಗೆ ನೆನಪಿರಬಹುದು. ಘಟ್ಟದ ಕೆಳಗೆ ಸೇತುವೆಗಳಾಗುವ ಮೊದಲು ಈ ಜಿಲ್ಲೆಯವರು ಮುಂಬಯಿಗೆ ಹೋಗುತ್ತಿದ್ದುದೇ ಸ್ಟೀಮರಿನಲ್ಲಿ. ಹೋಟೆಲು ಕೆಲಸ ಹುಡುಕಿ ಹೋದ ಹುಡುಗರು ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗಿದವರು. ಅವರ ಮೊಮ್ಮಕ್ಕಳಿಗೆ ಈಗ ಬಾಲ್ಕನಿ ಇರುವ ಕೋಣೆ ಬೇಕಾಗಿದೆ. ಸಂತೋಷವೇ! ಅದಕ್ಕೆ ಬೀಳುವ ದುಡ್ಡು ಎಷ್ಟು ಎಂಬುದು ಮಾತ್ರ ಜಾಹೀರಾತಿನಲ್ಲಿ ಪೂರ್ತಿ ಕಾಣುವುದಿಲ್ಲ.

ಸರಕಾರವಂತೂ ಉತ್ಸಾಹದಲ್ಲಿದೆ. 2024ರ ಸೆಪ್ಟೆಂಬರ್ 30ರಂದು ಕೇಂದ್ರ ಸರಕಾರ 'ಕ್ರೂಸ್ ಭಾರತ್ ಮಿಷನ್' ಆರಂಭಿಸಿ, 2029ರ ಒಳಗೆ ಕ್ರೂಸ್ ಪ್ರಯಾಣಿಕರ ಸಂಖ್ಯೆಯನ್ನು ಇಮ್ಮಡಿ ಮಾಡುವುದಾಗಿ ಹೇಳಿತು. 2025ರ ಸೆಪ್ಟೆಂಬರ್ 20ರಂದು ಮುಂಬಯಿಯ ಹೊಸ ಅಂತಾರಾಷ್ಟ್ರೀಯ ಕ್ರೂಸ್ ಟರ್ಮಿನಲ್ ಉದ್ಘಾಟನೆಯೂ ಆಯಿತು. ವರ್ಷಕ್ಕೆ ಹತ್ತು ಲಕ್ಷ ಜನ ಹತ್ತಿಳಿಯುವಷ್ಟು ದೊಡ್ಡದು ಎಂಬುದು ಲೆಕ್ಕ. ಟರ್ಮಿನಲ್ ದೊಡ್ಡದಾದಷ್ಟೂ ಜಾಹೀರಾತು ಹೆಚ್ಚುತ್ತದೆ. ಜಾಹೀರಾತು ಹೆಚ್ಚಿದಷ್ಟೂ ಚೀಟಿ ಎತ್ತಿದ ದುಡ್ಡು ಕೈಯಲ್ಲಿರುವ ಮಧ್ಯಮ ವರ್ಗದ ಮನೆಯವರು ಅವಸರಕ್ಕೆ ಬೀಳುತ್ತಾರೆ.

ತಲೆಗೆ ಇಷ್ಟು ಎಂದರೆ ಎಷ್ಟು?

ಪೋಸ್ಟರಿನಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದು 'ತಲೆಗೆ ಇಷ್ಟು' ಎಂಬ ದರ. ಸಣ್ಣ ಅಕ್ಷರದಲ್ಲಿ ಇರುವುದು 'ಒಂದು ಕೋಣೆಗೆ ಇಬ್ಬರಂತೆ' ಎಂಬ ಮಾತು. ಹಡಗಿನವರು ಮಾರುವುದು ಸೀಟನ್ನಲ್ಲ, ಕೋಣೆಯನ್ನು. ಕೋಣೆಯಲ್ಲಿ ಒಬ್ಬರೇ ಇದ್ದರೂ ಬಹುತೇಕ ಇಬ್ಬರ ದುಡ್ಡನ್ನೇ ಕೇಳುತ್ತಾರೆ. ಅದೇ ಕೋಣೆಗೆ ಮೂರನೆಯವರು, ನಾಲ್ಕನೆಯವರು ಸೇರಿದರೆ ಅವರಿಗೆ ದರ ಕಡಿಮೆ, ರೈಲಿನ ಅಪ್ಪರ್ ಬರ್ತಿನ ಹಾಗೆ ಗೋಡೆಯಿಂದ ಮಡಚಿ ಇಳಿಸುವ ಹಾಸಿಗೆ.

ಈಗ ಐವರ ಮನೆ ಎಂದಿಟ್ಟುಕೊಳ್ಳಿ: ಗಂಡ, ಹೆಂಡತಿ, ಎರಡು ಮಕ್ಕಳು, ಅಜ್ಜಿ. ಸಾಮಾನ್ಯ ಕೋಣೆಯಲ್ಲಿ ನಾಲ್ವರಿಗಿಂತ ಹೆಚ್ಚು ಹಿಡಿಯುವುದಿಲ್ಲ. ನಾಲ್ವರು ಒಂದರಲ್ಲಿ, ಅಜ್ಜಿ ಮತ್ತೊಂದರಲ್ಲಿ ಎಂದರೆ ಅಜ್ಜಿಯ ಹೆಸರಿಗೆ ಎರಡು ಟಿಕೇಟಿನ ದುಡ್ಡು ಹೋಯ್ತು. ಅಜ್ಜಿಯ ಜೊತೆ ಒಂದು ಮಗುವನ್ನು ಹಾಕಿ, ಇನ್ನೊಂದನ್ನು ತಂದೆತಾಯಿಯ ಕೋಣೆಗೆ ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ. ರಾತ್ರಿ ಅಜ್ಜಿಗೂ ಒಂದು ಜತೆ. ಮಕ್ಕಳಿಬ್ಬರನ್ನೇ ಒಂದು ಕೋಣೆಯಲ್ಲಿ ಬಿಡಲು ಸಾಮಾನ್ಯವಾಗಿ ಒಪ್ಪುವುದಿಲ್ಲ, ಕೋಣೆಗೆ ಒಬ್ಬರಾದರೂ ದೊಡ್ಡವರು ಬೇಕು ಎಂಬುದು ಹಡಗುಗಳ ನಿಯಮ. ಬುಕ್ಕಿಂಗಿಗೆ ಹೋದಾಗ ಕೇಳಬೇಕಾದ ಮೊದಲ ಪ್ರಶ್ನೆ 'ತಲೆಗೆ ಎಷ್ಟು?' ಎಂದಲ್ಲ, 'ನಮ್ಮ ಐವರಿಗೆ, ಎಲ್ಲಾ ಸೇರಿ, ಕೊನೆಯ ಮೊತ್ತ ಎಷ್ಟು?' ಎಂದು.

ಈ 'ಎಲ್ಲಾ ಸೇರಿ' ಎಂಬ ಮಾತಿನೊಳಗೆ ಜಿ.ಎಸ್.ಟಿ. ಬರುತ್ತದೆ, ಬಂದರು ಶುಲ್ಕ ಬರುತ್ತದೆ, ಹಡಗಿನ ಸಿಬ್ಬಂದಿಗೆಂದು ದಿನಕ್ಕೆ ತಲೆಗೆ ಇಷ್ಟು ಎಂದು ಹಿಡಿಯುವ ಸೇವಾ ಶುಲ್ಕವೂ ಬರಬಹುದು. ತಲೆಗೆ 20 ಸಾವಿರ ಎಂದು ಓದಿ ಹೋದವನು 27 ಸಾವಿರದ ಬಿಲ್ಲು ಕಂಡು ಹೌಹಾರಬಾರದು. ಅಂಗಡಿಯಲ್ಲಿ ಕೂತು ದಿನಾ ಬಿಲ್ಲು ಬರೆಯುವ ನಮ್ಮ ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಆದರೂ ರಜೆಯ ಹುಮ್ಮಸ್ಸಿನಲ್ಲಿ ಅವರೇ ಮೊದಲು ಮರೆಯುವುದುಂಟು!

ಊಟ ದರದಲ್ಲೇ ಸೇರಿರುತ್ತದೆ. ದೊಡ್ಡ ಊಟದ ಮನೆಯಲ್ಲಿ ಹೊಟ್ಟೆ ತುಂಬ ಬಡಿಸುತ್ತಾರೆ, ಇಲ್ಲಿಂದ ಹೊರಡುವ ಹಡಗುಗಳಲ್ಲಿ ಸಸ್ಯಾಹಾರಕ್ಕೆ ಕೊರತೆಯಿಲ್ಲ. ಕುಚಲಕ್ಕಿ ಗಂಜಿ, ಉಪ್ಪಿನಕಾಯಿ ಸಿಕ್ಕೀತೆಂಬ ಆಸೆ ಮಾತ್ರ ಬೇಡ. ಮನೆಯಿಂದ ಇಂಡಕ್ಷನ್ ಒಲೆ, ಕೆಟಲ್, ಇಸ್ತ್ರಿಪೆಟ್ಟಿಗೆ ಒಯ್ಯುವಂತಿಲ್ಲ. ಬೆಂಕಿಯ ಭಯ ಹಡಗಿಗೆ ನೀರಿನ ಭಯಕ್ಕಿಂತ ಹೆಚ್ಚು. ವಿಶೇಷ ಹೋಟೆಲು, ಮದ್ಯ, ಕೆಲವು ಆಟಗಳು, ಫೋಟೊ, ದಡದಲ್ಲಿ ಸುತ್ತಾಡಿಸುವ ಬಸ್ಸು, ಇವೆಲ್ಲ ಬೇರೆ ಲೆಕ್ಕ. ಕ್ಯಾಸಿನೊ ಬಗ್ಗೆ ಹೇಳುವುದೇ ಬೇಡ. ಹಡಗಿನಲ್ಲಿ ಕೈಗೊಂದು ಕಾರ್ಡು ಕೊಡುತ್ತಾರೆ, ಏನು ಕೊಂಡರೂ ಅದರಲ್ಲೇ ಬರೆದುಕೊಳ್ಳುತ್ತದೆ. ನೋಟು ಎಣಿಸಿ ಕೊಡುವಾಗ ಆಗುವ ಸಂಕಟ ಕಾರ್ಡು ಚಾಚುವಾಗ ಆಗುವುದಿಲ್ಲ. ದಿನಕ್ಕೊಮ್ಮೆ ಕೌಂಟರಿಗೆ ಹೋಗಿ ಲೆಕ್ಕ ಕೇಳಿದವನು ಕೊನೆಯ ದಿನ ಮೂಗಿಗಿಂತ ಮೂಗುತಿ ಭಾರ ಎನ್ನಬೇಕಾಗಿಲ್ಲ. ಮಕ್ಕಳ ಕಾರ್ಡಿನಲ್ಲಿ ಖರ್ಚು ಆಗದಂತೆ ತಡೆಯಲು ಮೊದಲ ದಿನವೇ ಹೇಳಿಡಬಹುದು.

ಕಂಪನಿ ಇಂದು ಇದ್ದು ನಾಳೆ?

ಇನ್ನೊಂದು ಸಂಗತಿಯನ್ನು ಜಾಹೀರಾತು ಹೇಳುವುದಿಲ್ಲ. ನಮ್ಮ ದೇಶದಲ್ಲಿ ಈ ವ್ಯಾಪಾರ ಇನ್ನೂ ಗಟ್ಟಿ ನೆಲಕ್ಕೆ ಇಳಿದಿಲ್ಲ. 2018ರ ಅಕ್ಟೋಬರಿನಲ್ಲಿ ಮುಂಬಯಿ–ಗೋವಾ ನಡುವೆ 'ಆಂಗ್ರಿಯಾ' ಎಂಬ ಹಡಗು ಅದ್ದೂರಿಯಾಗಿ ಶುರುವಾಯಿತು, 2020ರಲ್ಲಿ ನಿಂತಿತು. 2019ರಲ್ಲಿ 'ಜಲೇಶ್' ಕಂಪನಿಯ 'ಕರ್ಣಿಕಾ' ಬಂತು. ಕೊರೋನಾ ಹೊಡೆತಕ್ಕೆ 2020ರಲ್ಲಿ ಕಂಪನಿಯೇ ಮುಚ್ಚಿತು, ಹಡಗು ಗುಜರಾತಿನ ಅಲಂಗಿಗೆ ಗುಜರಿಗೆ ಹೋಯಿತು. 2021ರ ಸೆಪ್ಟೆಂಬರಿನಲ್ಲಿ 'ಕಾರ್ಡೇಲಿಯಾ' ಕಂಪನಿ 1990ರಲ್ಲಿ ಕಟ್ಟಿದ 'ಎಂಪ್ರೆಸ್' ಹಡಗನ್ನು ಮುಂಬಯಿಯಿಂದ ಓಡಿಸತೊಡಗಿತು. ಗೋವಾ, ಲಕ್ಷದ್ವೀಪ, ಕೊಚ್ಚಿ ಅದರ ದಾರಿ.

ಹೀಗಿರುವಾಗ ಒಂದು ವರ್ಷ ಮೊದಲೇ ಪೂರ್ತಿ ದುಡ್ಡು ಕಟ್ಟಿ ಕೂರುವುದು ಜಾಣತನವಲ್ಲ. ಮುಂಗಡ ಎಷ್ಟು, ಬಾಕಿ ಯಾವಾಗ, ಹೊರಡುವುದಕ್ಕೆ ಎಷ್ಟು ದಿನ ಮೊದಲು ರದ್ದು ಮಾಡಿದರೆ ಎಷ್ಟು ವಾಪಸು ಎಂಬ ಪಟ್ಟಿ ಬರಹದಲ್ಲಿ ಕೈಗೆ ಬರಬೇಕು. ದಿನ ಹತ್ತಿರವಾದಷ್ಟೂ ವಾಪಸು ಬರುವುದು ಕಡಿಮೆ, ಕೊನೆಯ ವಾರದಲ್ಲಿ ಬಹುತೇಕ ಶೂನ್ಯ. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದರೆ ಪ್ರವಾಸ ವಿಮೆಗೆ ನಾಲ್ಕು ಕಾಸು ಹಾಕುವುದು ದಂಡವಲ್ಲ. ಗುರುತಿಲ್ಲದ ಏಜೆಂಟ್ ವಾಟ್ಸಪ್ಪಿನಲ್ಲಿ ಕಳಿಸಿದ 'ಅರ್ಧ ದರ'ದ ಚೀಟಿ ನೋಡಿ ದುಡ್ಡು ಹಾಕಿದರೆ, ಅಗ್ಗದ ಆಸೆಗೆ ಮುಗ್ಗು ಜೋಳ ತಂದ ಕತೆ. ಬುಕ್ಕಿಂಗ್ ನಂಬರು ಬಂದ ಮೇಲೆ ಹಡಗಿನ ಕಂಪನಿಗೇ ನೇರ ಫೋನು ಮಾಡಿ ಹೆಸರು ಇದೆಯೇ ಎಂದು ಕೇಳಿ ಖಾತರಿ ಮಾಡಿಕೊಳ್ಳಬಹುದು.

ಯಾವಾಗ ಹೋಗಬೇಕು? ಕಡಲ ಮಕ್ಕಳಿಗೆ ಇದು ಗೊತ್ತಿರುವುದೇ. ಜೂನ್–ಜುಲೈಯಲ್ಲಿ ನಮ್ಮ ಯಾಂತ್ರಿಕ ಬೋಟುಗಳೇ 61 ದಿನ ದಡ ಬಿಡುವುದಿಲ್ಲ. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಕ್ರೂಸ್ ಕೂಡ ಪೂರ್ವಕ್ಕೆ ಮುಖ ತಿರುಗಿಸುತ್ತದೆ. 2023ರ ಜೂನ್ 5ರಂದು ಚೆನ್ನೈಯಿಂದ ಶ್ರೀಲಂಕಾಕ್ಕೆ ಎಂಪ್ರೆಸ್ ಹೊರಟದ್ದು ಹಾಗೆಯೇ. ನವೆಂಬರಿನಿಂದ ಫೆಬ್ರವರಿವರೆಗೆ ಸಮುದ್ರ ಹೆಚ್ಚಾಗಿ ಶಾಂತ. ಕ್ರಿಸ್ಮಸ್, ಹೊಸ ವರ್ಷದ ವಾರ ಮಾತ್ರ ದರ ಮುಗಿಲಿಗೆ. ಶಾಲೆಯ ದಸರಾ ರಜೆಯಲ್ಲಿ ಹೋಗುವ ಯೋಚನೆ ಮಾಡಬಹುದು, ಆದರೆ ಮಳೆ ಮುಗಿದ ಹೊಸತರಲ್ಲಿ ಅರಬ್ಬಿ ಸಮುದ್ರದ ಮರ್ಜಿ ಹೇಳುವುದು ಕಷ್ಟ. ಲಕ್ಷದ್ವೀಪವನ್ನು ನಡುಗಿಸಿದ 'ಓಖಿ' ಬಂದದ್ದು 2017ರ ಡಿಸೆಂಬರ್ ಶುರುವಿನಲ್ಲಿ, ನಮ್ಮ ಕರಾವಳಿಯ ಮನೆಗಳನ್ನು ಕೆಡವಿದ 'ತೌಕ್ತೆ' 2021ರ ಮೇ ತಿಂಗಳಲ್ಲಿ. ಸಮುದ್ರ ಕೆಟ್ಟರೆ ಹಡಗು ಒಂದು ಊರನ್ನು ಬಿಟ್ಟು ಮುಂದೆ ಹೋಗಬಹುದು. ಅದಕ್ಕೆ ಕ್ಯಾಪ್ಟನ್ನಿಗೆ ಅಧಿಕಾರವಿದೆ, ಟಿಕೇಟಿನ ಕರಾರಿನಲ್ಲೂ ಬರೆದಿರುತ್ತದೆ. ಆ ಊರಿನ ಬಂದರು ಶುಲ್ಕ ವಾಪಸು ಬಂದರೆ ಬಂತು, ಪೂರ್ತಿ ದುಡ್ಡು ಕೇಳಿ ಜಗಳ ಮಾಡಿ ಪ್ರಯೋಜನವಿಲ್ಲ.

ಹಡಗು ಯಾರಿಗೂ ಕಾಯುವುದಿಲ್ಲ. ಮಧ್ಯಾಹ್ನ ಮಂಗಳೂರು ಬಿಟ್ಟ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮರುದಿನ ಬೆಳಿಗ್ಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿಗೆ ಮುಟ್ಟಬೇಕು. ಕ್ರೂಸ್ ಟರ್ಮಿನಲ್ ಇರುವುದು ದಕ್ಷಿಣ ಮುಂಬಯಿಯ ಬಲ್ಲಾರ್ಡ್ ಪಿಯರಿನಲ್ಲಿ. ಹಡಗು ಹೊರಡುವುದು ಸಂಜೆಗಾದರೂ ಹತ್ತುವ ಬಾಗಿಲು ಒಂದೆರಡು ಗಂಟೆ ಮೊದಲೇ ಮುಚ್ಚುತ್ತದೆ. ಕೊಂಕಣ ರೈಲು ಎಲ್ಲೋ ಒಂದು ಸುರಂಗದ ಬಳಿ ಮೂರು ಗಂಟೆ ನಿಂತರೆ? ಆದ್ದರಿಂದ ಒಂದು ದಿನ ಮೊದಲೇ ಮುಂಬಯಿ ಸೇರಿ, ಅಂಧೇರಿಯಲ್ಲೋ ಡೊಂಬಿವಲಿಯಲ್ಲೋ ಇರುವ ಭಾವನ ಮನೆಯಲ್ಲಿ ಉಳಿಯುವುದು ಒಳ್ಳೆಯದು. ಈ ಜಿಲ್ಲೆಯಲ್ಲಿ ಮುಂಬಯಿಯಲ್ಲಿ ನೆಂಟರಿಲ್ಲದ ಮನೆ ಯಾವುದಿದೆ! ದಾರಿಯ ಊರುಗಳಲ್ಲೂ ಇದೇ ಎಚ್ಚರ ಬೇಕು. ಗೋವಾದಲ್ಲಿ ಹಡಗು ನಿಲ್ಲುವುದು ವಾಸ್ಕೊ ಬಳಿಯ ಮೊರ್ಮುಗಾಂವ್ ಬಂದರಿನಲ್ಲಿ. ಕಲಂಗುಟ್ ಬೀಚು ಅಲ್ಲಿಂದ ದೂರ. ಬೀಚಿನಲ್ಲಿ ಹೊತ್ತು ಮರೆತು ಹಡಗು ತಪ್ಪಿಸಿಕೊಂಡವನು ಮಡಗಾಂವಿಗೆ ಬಂದು ಮಂಗಳೂರಿನ ರೈಲು ಹತ್ತುವುದೇ ವಾಸಿ.

ದಾಖಲೆಯ ವಿಷಯ. ದೇಶದೊಳಗಿನ ಕ್ರೂಸಿಗೆ ಆಧಾರ್‌ನಂಥ ಗುರುತಿನ ಚೀಟಿ ನಡೆಯುತ್ತದೆ, ಹೆಸರು ಟಿಕೇಟಿನಲ್ಲಿ ಇದ್ದಂತೆಯೇ ಇರಬೇಕು. ಲಕ್ಷದ್ವೀಪಕ್ಕೆ ಇಳಿಯಲು ಪರವಾನಗಿ ಬೇಕು, ಸಾಮಾನ್ಯವಾಗಿ ಕಂಪನಿಯೇ ಮಾಡಿಸಿಕೊಡುತ್ತದೆ, ಆದರೆ ಕೇಳಿದ ಕಾಗದ ಕೇಳಿದ ದಿನಕ್ಕೆ ಕೊಡಬೇಕು. ಸಿಂಗಾಪುರದಿಂದ ಕ್ರೂಸ್ ಹತ್ತುವವರು ಗಮನಿಸಬೇಕಾದ್ದು ಒಂದಿದೆ. ಹಡಗು ಮಲೇಶಿಯಾಕ್ಕೋ ಥಾಯ್ಲೆಂಡಿಗೋ ಹೋಗಿ ಮತ್ತೆ ಸಿಂಗಾಪುರಕ್ಕೇ ಬರುತ್ತದೆ. ಅಂದರೆ ಆ ದೇಶವನ್ನು ಎರಡು ಸಲ ಹೊಕ್ಕಂತಾಯಿತು. ಒಂದೇ ಪ್ರವೇಶದ ವೀಸಾ ಇದ್ದರೆ ಹಡಗು ಹತ್ತಲೂ ಬಿಡಲಿಕ್ಕಿಲ್ಲ. ತುಂಬು ಬಸುರಿಯರನ್ನು, ಸಾಧಾರಣ ಆರು ತಿಂಗಳು ದಾಟಿದವರನ್ನು, ಹಡಗುಗಳು ಹತ್ತಿಸಿಕೊಳ್ಳುವುದಿಲ್ಲ. ಆರು ತಿಂಗಳೊಳಗಿನ ಹಸುಗೂಸಿಗೂ ಬಹುತೇಕ ಕಡೆ ಪ್ರವೇಶವಿಲ್ಲ.

ಅಜ್ಜಿಗೆ ಕೋಣೆ ಎಲ್ಲಿ?

ಕಿಟಕಿ ಇಲ್ಲದ ಒಳಕೋಣೆ ಅಗ್ಗ. ಮಲಗಲಿಕ್ಕೆ ಮಾತ್ರ ಕೋಣೆಗೆ ಬರುವ ಮನೆಯವರಿಗೆ ಅದು ಸಾಕು. ವಾಂತಿ ಬರುವ ಜೀವವಿದ್ದರೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಮಾಳಿಗೆಯಲ್ಲಿ ಕೋಣೆ ಕೇಳಬೇಕು. ಅಲ್ಲಿ ಓಲಾಟ ಕಡಿಮೆ. ಮೊಣಕಾಲು ನೋವಿನವರಿಗೆ ಲಿಫ್ಟಿನ ಹತ್ತಿರ. ಇದೆಲ್ಲ ಬುಕ್ಕಿಂಗ್ ಮಾಡುವ ದಿನವೇ ಆಗಬೇಕು, ಆಮೇಲೆ ಸಿಗುವುದಿಲ್ಲ. ಮಾತ್ರೆ ಯಾವುದು ಎಂದು ಊರಿನ ಡಾಕ್ಟರರನ್ನೇ ಕೇಳಿ ತರುವುದು. ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆ ಕೈಚೀಲದಲ್ಲೇ ಇರಲಿ. ದೊಡ್ಡ ಪೆಟ್ಟಿಗೆಯನ್ನು ಟರ್ಮಿನಲ್ಲಿನಲ್ಲಿ ತೆಗೆದುಕೊಂಡವರು ಕೋಣೆಗೆ ತಲುಪಿಸುವಾಗ ಕೆಲವು ಗಂಟೆ ಕಳೆದಿರುತ್ತದೆ.

ಲಕ್ಷದ್ವೀಪದಲ್ಲಿ ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ. ಹೊರಗಿನ ಆಳದಲ್ಲಿ ನಿಂತು, ಸಣ್ಣ ಬೋಟಿಗೆ ಜನ ಇಳಿಸಿ ದ್ವೀಪಕ್ಕೆ ಒಯ್ಯುತ್ತಾರೆ. ಅಲೆಯ ಮೇಲೆ ಏರಿಳಿಯುವ ಬೋಟಿಗೆ ಕಾಲಿಡುವುದು ಮಕ್ಕಳಿಗೆ ಆಟ, ಎಪ್ಪತ್ತು ದಾಟಿದ ಅಜ್ಜಿಗೆ ಪ್ರಾಣಸಂಕಟ. ಅಜ್ಜಿ ಹಡಗಿನಲ್ಲೇ ಉಳಿಯುವುದಾದರೆ ಜೊತೆಗೆ ಯಾರು ಎಂದು ಮನೆಯಲ್ಲೇ ತೀರ್ಮಾನವಾಗಬೇಕು. ಅಲ್ಲಿ ನಿಂತು ಜಗಳವಾಡುವುದಲ್ಲ.

ದ್ವೀಪ ನೋಡುವುದೇ ಮುಖ್ಯ, ಕುಣಿತ–ಕ್ಯಾಸಿನೊ ಬೇಡ ಎನ್ನುವವರಿಗೆ ಕೊಚ್ಚಿಯ ದಾರಿ ಇದೆ. ಲಕ್ಷದ್ವೀಪ ಆಡಳಿತದ ಪ್ರವಾಸ ಸಂಸ್ಥೆ 'ಸಮುದ್ರಂ' ಹೆಸರಿನಲ್ಲಿ ಐದು ದಿನದ ಪ್ರವಾಸ ರೂಪಿಸಿದೆ. ರಾತ್ರಿ ಹಡಗಿನಲ್ಲಿ, ಹಗಲು ಕವರತ್ತಿ, ಕಲ್ಪೇನಿ, ಮಿನಿಕೋಯ್ ದ್ವೀಪಗಳಲ್ಲಿ. ಮುಂಬಯಿಗಿಂತ ಎರ್ನಾಕುಳಂ ನಮಗೆ ಹತ್ತಿರ. ಆದರೆ ಹಡಗಿನ ವೇಳಾಪಟ್ಟಿ ಬದಲಾಗುತ್ತಿರುತ್ತದೆ, ವಿಚಾರಿಸಿಯೇ ರೈಲಿನ ಟಿಕೇಟು ತೆಗೆಯಬೇಕು. 2024ರ ಮೇಯಲ್ಲಿ 'ಪರಾಲಿ' ಎಂಬ ವೇಗದ ಹಡಗು ಲಕ್ಷದ್ವೀಪದಿಂದ ನಮ್ಮ ಹಳೆ ಬಂದರಿಗೇ ಜನರನ್ನು ತಂದಾಗ ಧಕ್ಕೆಯಲ್ಲಿ ಎಷ್ಟು ಹುರುಪು! ಇಂಥ ಹಡಗು ಇಲ್ಲಿಂದ ಕ್ರಮವಾಗಿ ಓಡಿದರೆ ಒಂದು ಕುಟುಂಬದ ಮುಂಬಯಿ ರೈಲು, ಟ್ಯಾಕ್ಸಿ, ಒಂದು ರಾತ್ರಿಯ ವಸತಿಯ ಖರ್ಚು ಉಳಿದೀತು. ಬಂದರಿನವರೂ ಜನಪ್ರತಿನಿಧಿಗಳೂ ವಿದೇಶಿ ಹಡಗಿಗೆ ಚೆಂಡೆ ಬಡಿದು ಸ್ವಾಗತಿಸುವ ಉತ್ಸಾಹದಲ್ಲಿ ಅರ್ಧವನ್ನಾದರೂ ಇದಕ್ಕೆ ಕೊಡಬೇಕೆಂದು ವ್ಯಾಪಾರಸ್ಥರು ಕೇಳಿದರೆ ಅದು ನ್ಯಾಯ.

ಹಡಗು ಹತ್ತಿದವರು ಮಾಡಬೇಕಾದ ಎರಡು ಕೆಲಸ. ಒಂದು, ಸುರಕ್ಷತಾ ಕವಾಯತು. ಲೈಫ್ ಜಾಕೆಟ್ ಹಾಕುವುದು ಹೇಗೆ, ಯಾವ ಜಾಗದಲ್ಲಿ ಸೇರಬೇಕು ಎಂದು ತೋರಿಸುತ್ತಾರೆ. 2012ರ ಜನವರಿ 13ರಂದು ಇಟಲಿಯ ತೀರದಲ್ಲಿ 'ಕೋಸ್ಟಾ ಕಾಂಕಾರ್ಡಿಯಾ' ಬಂಡೆಗೆ ಬಡಿದು 32 ಜನ ಸತ್ತಾಗ, ಆ ದಿನ ಹತ್ತಿದ ನೂರಾರು ಮಂದಿಗೆ ಕವಾಯತು ಆಗಿರಲೇ ಇಲ್ಲ. ಆಮೇಲೆ ನಿಯಮವೇ ಬದಲಾಯಿತು, ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಇದು ನಡೆಯಬೇಕು. ಬಫೆಯ ಸಾಲಿಗೆ ಓಡುವ ಮೊದಲು ಮಕ್ಕಳನ್ನು ಕರೆದುಕೊಂಡು ಇಲ್ಲಿಗೆ ಬರಬೇಕು. ಎರಡು, ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕುವುದು. ದಡ ಬಿಟ್ಟ ಮೇಲೆ ಟವರ್ ಇಲ್ಲ. ಹಡಗಿನ ಸ್ವಂತ ನೆಟ್‌ವರ್ಕಿಗೆ ಫೋನು ತಾನೇ ಅಂಟಿಕೊಂಡರೆ ಬರುವ ಬಿಲ್ಲು ಒಂದು ರಾತ್ರಿಯ ಕೋಣೆಯ ಬಾಡಿಗೆಯಷ್ಟು ಆದೀತು. ಅಂಗಡಿಯನ್ನು ಹುಡುಗರ ಕೈಗೆ ಬಿಟ್ಟು ಬಂದ ಸಾಹುಕಾರರಿಗೆ ಕೌಂಟರಿನ ಜಮೆ ಎಷ್ಟಾಯಿತು ಎಂದು ನೋಡಲಾಗದೆ ಮೂರು ದಿನ ಚಡಪಡಿಕೆ. ಹಾಲಿನವನ, ಬ್ಯಾಂಕಿನ, ಸಾಲದ ವ್ಯವಹಾರ ಏನಿದ್ದರೂ ಹೊರಡುವ ಮೊದಲೇ ಮುಗಿಸಬೇಕು.

ಕೊನೆಯ ರಾತ್ರಿ ಪೆಟ್ಟಿಗೆಗಳಿಗೆ ಚೀಟಿ ಕಟ್ಟಿ ಕೋಣೆಯ ಹೊರಗಿಡಲು ಹೇಳುತ್ತಾರೆ, ಬೆಳಿಗ್ಗೆ ಅವು ಕೆಳಗೆ ಟರ್ಮಿನಲ್ಲಿನಲ್ಲಿ ಸಿಗುತ್ತವೆ. ಮರುದಿನ ಉಡುವ ಬಟ್ಟೆಯನ್ನೂ ಅದರೊಳಗೇ ತುಂಬಿ ಹೊರಗಿಟ್ಟವನು ಬಲ್ಲಾರ್ಡ್ ಪಿಯರಿನಲ್ಲಿ ಲುಂಗಿಯಲ್ಲೇ ಇಳಿಯಬೇಕಾಗುತ್ತದೆ. ವಾಪಸು ಮತ್ಸ್ಯಗಂಧ ಕುರ್ಲಾ ಬಿಡುವುದು ಮಧ್ಯಾಹ್ನದ ಮೇಲೆ. ಹಡಗು ಬೆಳಿಗ್ಗೆ ಬಂದರೆ ರೈಲು ಸಿಕ್ಕೀತು, ತಡವಾದರೆ ಭಾವನ ಮನೆಯಲ್ಲಿ ಇನ್ನೊಂದು ರಾತ್ರಿ.