ಪಾಚಿ ತಿನ್ನುವ ಮೀನು ಮತ್ತು ನಮ್ಮ ಹೊಣೆ

ಮನೆಯ ಅಕ್ವೇರಿಯಂನ ಗಾಜಿಗೆ ಪಾಚಿ ಕಟ್ಟಿತೆಂದರೆ ಅಂಗಡಿಯವರು ಸೂಚಿಸುವ ಪರಿಹಾರ ಸಾಮಾನ್ಯವಾಗಿ ಒಂದೇ: ಪಾಚಿ ತಿನ್ನುವ ಮೀನು. ಅದು ಅಗ್ಗದ, ಕೂಲಿ ಕೇಳದ, ಹಗಲಿರುಳು ದುಡಿಯುವ ಜೀವ. ಶ್ರಮ ಮತ್ತು ಶೋಷಣೆಗಳ ಬಗೆಗೆ ಇಷ್ಟೊಂದು ಚರ್ಚಿಸುವ ನಾವು ಈ ಪರಿಹಾರವನ್ನು ಪ್ರಶ್ನಿಸದೆ ಒಪ್ಪುವುದು ಸರಿಯಲ್ಲ.

ಪಾಚಿಯ ಮೂಲ ಬೆಳಕು ಮತ್ತು ಪೋಷಕಾಂಶಗಳ ಅತಿರೇಕ. ಮೀನುಗಳು ತಿನ್ನದೆ ಬಿಟ್ಟ ಆಹಾರವೂ ಅವುಗಳ ಮಲವೂ ಕೊಳೆತು ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್‌ಗಳನ್ನು ಹೆಚ್ಚಿಸುತ್ತವೆ. ಪಾಚಿ ತಿಂದ ಮೀನು ಅದರ ಬಹುಪಾಲನ್ನು ಮತ್ತೆ ಅದೇ ನೀರಿಗೆ ವಿಸರ್ಜಿಸುತ್ತದೆ. ಗಾಜು ತಿಳಿಯಾಗುತ್ತದೆಯೇ ಹೊರತು ಕಾರಣ ತೊಟ್ಟಿಯಲ್ಲಿಯೇ ಉಳಿಯುತ್ತದೆ. ದೀಪವನ್ನು ದಿನಕ್ಕೆ 6ರಿಂದ 8 ಗಂಟೆಗೆ ಮಿತಗೊಳಿಸುವುದು, ಆಹಾರ ತಗ್ಗಿಸುವುದು, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುವುದು, ಜಲಸಸ್ಯ ಬೆಳೆಸುವುದು: ಇವು ಸಾಕುವವನೇ ಮಾಡಬೇಕಾದ ಕೆಲಸಗಳು.

ಬೆರಳುದ್ದದ ಮರಿಯಾಗಿ ಮಾರಾಟವಾಗುವ ದಕ್ಷಿಣ ಅಮೆರಿಕದ ಸಾಮಾನ್ಯ ಪ್ಲೆಕೊ 30 ಸೆಂಟಿಮೀಟರ್ ಮೀರಿ ಬೆಳೆಯುತ್ತದೆ. ನಾಲ್ಕೈದು ಸೆಂಟಿಮೀಟರಿನ ಆಟೋಸಿಂಕ್ಲಸ್ ಚಿಕ್ಕ ತೊಟ್ಟಿಗೆ ಹೊಂದುತ್ತದೆ, ನಿಜ. ಆದರೆ ಅಂಗಡಿಗೆ ಬರುವ ಆಟೋಸಿಂಕ್ಲಸ್‌ಗಳಲ್ಲಿ ಹೆಚ್ಚಿನವು ನದಿಗಳಲ್ಲಿ ಹಿಡಿದವು. ಸಾಗಾಟದ ಹಸಿವಿನಿಂದ ಬಳಲಿದ ಅವುಗಳಲ್ಲಿ ಅನೇಕವು, ಪಾಚಿ ಬಲಿಯದ ಹೊಸ ತೊಟ್ಟಿಯಲ್ಲಿ ಮೊದಲ ವಾರಗಳಲ್ಲಿಯೇ ಸಾಯುತ್ತವೆ.

ತೊಟ್ಟಿ ಮೀರಿ ಬೆಳೆದ ಪ್ಲೆಕೊವನ್ನು ಕೆರೆಗೆ ಬಿಡುವುದು ಕರುಣೆಯಂತೆ ತೋರುತ್ತದೆ. ನೀರಿನಲ್ಲಿ ಆಮ್ಲಜನಕ ಕುಸಿದಾಗ ಗಾಳಿಯನ್ನು ನುಂಗಿ ಉಸಿರಾಡಬಲ್ಲ ಈ ಮೀನುಗಳು ಕೊಳಕು ನೀರಿನಲ್ಲಿಯೂ ಬದುಕುತ್ತವೆ; ದಡದಲ್ಲಿ ಬಿಲ ಕೊರೆದು ಮಣ್ಣನ್ನು ಸಡಿಲಿಸುತ್ತವೆ. ಮೆಕ್ಸಿಕೊದ ಇನ್ಫಿಯೆರ್ನಿಯೊ ಜಲಾಶಯದಲ್ಲಿ ಇವು ಟಿಲಾಪಿಯಾ ಮೀನುಗಾರರ ಬಲೆಗಳನ್ನು ಹರಿದು ಜೀವನೋಪಾಯವನ್ನೇ ಕೆಡಿಸಿವೆ. ಫ್ಲಾರಿಡಾ, ಟೆಕ್ಸಾಸ್, ಕೇರಳ, ಆಂಧ್ರಪ್ರದೇಶಗಳ ಜಲಮೂಲಗಳಲ್ಲಿಯೂ ಇವು ನೆಲೆಯೂರಿವೆ. ಹವ್ಯಾಸ ಒಬ್ಬರದು, ದಂಡ ತೆರುವವರು ಮತ್ತೊಬ್ಬರು.

ಇಂಥ ಜೀವಿಗಳನ್ನು ‘ಆಕ್ರಮಣಕಾರಿ ಪರಕೀಯ’ ಎನ್ನುವುದು ರೂಢಿ. ವಲಸಿಗರ ಮೇಲೂ ಇದೇ ಮಾತು ಎರಗುವುದನ್ನು ಬಲ್ಲ ನಾವು ಅದನ್ನು ಎಚ್ಚರದಿಂದ ಬಳಸಬೇಕು. ಪರಿಸರಕ್ಕಾದ ಹಾನಿಯನ್ನು ಅಲ್ಲಗಳೆಯಲಾಗದು. ಆದರೆ ಮೀನು ತಾನಾಗಿ ಗಡಿ ದಾಟಲಿಲ್ಲ; ವ್ಯಾಪಾರ ಅದನ್ನು ತಂದಿತು, ಕೊಂಡವರು ಕೈಬಿಟ್ಟರು. ಆದ್ದರಿಂದ ನಿಯಂತ್ರಣವೂ ವ್ಯಾಪಾರದಿಂದಲೇ ಆರಂಭವಾಗಬೇಕು: ಪೂರ್ಣ ಬೆಳೆದಾಗಿನ ಉದ್ದ ಮತ್ತು ಮೂಲಸ್ಥಳವನ್ನು ಪ್ರತಿ ತೊಟ್ಟಿಯ ಮೇಲೆ ಬರೆಯುವುದು, ಬೇಡವಾದ ಮೀನನ್ನು ಮರಳಿ ಪಡೆಯುವುದು ಮಾರುವವರಿಗೆ ಕಡ್ಡಾಯವಾಗಲಿ. ಅಲ್ಲಿಯವರೆಗೆ ಗಾಜನ್ನು ನಾವೇ ಉಜ್ಜೋಣ.