ಕೋವಿ ಯಾರ ಕೈಯಲ್ಲಿ

ಬಂದೂಕಿನ ಹುಚ್ಚು ಹುಡುಗರಿಗೆ ಹತ್ತುವುದು ಕಿವಿಯಿಂದ. ದೀಪಾವಳಿಗೆ ಇನ್ನೂ ವಾರವಿರುವಾಗಲೇ ದಾವಣಗೆರೆಯ ನಮ್ಮ ಎಂ.ಸಿ.ಸಿ. ಬಡಾವಣೆಯ ಅಡ್ಡರಸ್ತೆಗಳಲ್ಲಿ ಪಟಪಟ ಶುರುವಾಗುತ್ತದೆ. ಹಿಂದೆ ತಗಡಿನ ಪಿಸ್ತೂಲು, ಈಗ ಪ್ಲಾಸ್ಟಿಕ್ಕಿನದು. ಒಳಗಿನ ಕೇಪಿನ ರೋಲು ಮಾತ್ರ ಅಂದಿನದೇ. ಆ ವಯಸ್ಸಿನಲ್ಲಿ ಗುರಿ ಯಾರಿಗೂ ಬೇಕಿಲ್ಲ. ಸದ್ದು ಬಂದರೆ ಎದುರಿಗಿದ್ದವನು ಸತ್ತು ಬೀಳಬೇಕು, ಬೀಳದಿದ್ದರೆ ಜಗಳ. ನಾನೂ ಹಾಗೆ ಬೀಳಿಸಿದವನು, ಬಿದ್ದವನು. ಸದ್ದಡಗಿದ ಮೇಲೂ ಮೂಗಿನಲ್ಲಿ ಉಳಿಯುವ ಸುಟ್ಟ ಮದ್ದಿನ ವಾಸನೆ ನನಗೆ ಇವತ್ತಿಗೂ ಇಷ್ಟ, ಡಾಕ್ಟರು ಏನಾದರೂ ಅನ್ನಲಿ.

ಆ ಕಾಗದದ ಮೇಲಿನ ಚುಕ್ಕೆಯೊಳಗೆ ಇರುವುದು ಕೆಂಪು ರಂಜಕ ಮತ್ತು ಪೊಟ್ಯಾಸಿಯಂ ಕ್ಲೋರೇಟ್. ಪೆಟ್ಟು ಬಿದ್ದರೆ ಸಿಡಿಯುವುದು ಅದರ ಗುಣ. ಬಂದೂಕಿನ ಚರಿತ್ರೆಯನ್ನೇ ತಿರುಗಿಸಿದ್ದು ಇಂಥದೇ ಗುಣ. ಸ್ಕಾಟ್ಲೆಂಡಿನಲ್ಲಿ ಅಲೆಕ್ಸಾಂಡರ್ ಫೋರ್ಸಿತ್ ಎಂಬ ಪಾದ್ರಿ ಇದ್ದ. ಅವನಿಗೆ ಹಕ್ಕಿ ಬೇಟೆಯ ಚಟ. ಚಕಮಕಿ ಕಲ್ಲಿನ ಬಂದೂಕಿನಲ್ಲಿ ಮೊದಲು ಹೊರಗೆ ಬೆಂಕಿ ಮಿಂಚುತ್ತಿತ್ತು, ಗುಂಡು ಆಮೇಲೆ ಹೊರಡುತ್ತಿತ್ತು. ಅಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತಿತ್ತು. ಕಿಡಿಯ ಜಾಗದಲ್ಲಿ ಪೆಟ್ಟಿಗೆ ಸಿಡಿಯುವ ರಾಸಾಯನಿಕವನ್ನು ಕೂರಿಸಿ ಅವನು 1807ರಲ್ಲಿ ಪೇಟೆಂಟ್ ಪಡೆದ. ಮಲೆನಾಡಿನ ಮನೆಗಳ ಗೋಡೆಯಲ್ಲಿ ತೂಗುತ್ತಿದ್ದ ಕೇಪಿನ ಕೋವಿಗೂ ನಮ್ಮ ಬೀದಿಯ ಹುಡುಗನ ಪಿಸ್ತೂಲಿಗೂ ಮೂಲಪುರುಷ ಈ ಪಾದ್ರಿ. ಧರ್ಮೋಪದೇಶದಿಂದ ಅವನು ಎಷ್ಟು ಜನರನ್ನು ಉದ್ಧಾರ ಮಾಡಿದನೋ, ದೇವರೇ ಬಲ್ಲ.

ಕಿವಿಯಿಂದ ಕಣ್ಣಿಗೆ ಬಂದದ್ದು ದುಗ್ಗಮ್ಮನ ಜಾತ್ರೆಯಲ್ಲಿ. ಬಟ್ಟೆ ಕಟ್ಟಿದ ಹಲಗೆ, ಸಾಲುಸಾಲು ಬಲೂನು, ಸವೆದ ಏರ್‌ಗನ್ನು. ಅದರ ನಳಿಗೆ ಸೊಟ್ಟ, ಮುಂದಿನ ಗುರಿಮಣಿ ಅಲುಗಾಡುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೂ ಅಂಗಡಿಯವನು ತಾನೇ ಹಿಡಿದರೆ ಬಲೂನು ಒಡೆದೇ ಒಡೆಯುತ್ತದೆ. ಸೊಟ್ಟ ಎಷ್ಟು, ಯಾವ ಕಡೆಗೆ ಅನ್ನುವುದು ಅವನ ಕೈಗೆ ಗೊತ್ತು. "ಜಗ್ಗಬ್ಯಾಡ್ರೀ ತಮ್ಮಾ, ಮೆಲ್ಲಗೆ ಒತ್ರಿ" ಅನ್ನುತ್ತಿದ್ದ. ಅವನು ಪುಕ್ಕಟೆ ಹೇಳುತ್ತಿದ್ದ ಪಾಠ ಅದೊಂದೇ, ಅದನ್ನು ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಕೇಳಿಸಿಕೊಳ್ಳದಂತೆ ಮಾಡಿದ್ದು ಸಿನಿಮಾ. 1968ರ 'ಜೇಡರ ಬಲೆ'ಯಿಂದ ಶುರುವಾದ ದೊರೈ-ಭಗವಾನ್ ಜೋಡಿಯ ಸಿ.ಐ.ಡಿ. 999 ಚಿತ್ರಗಳಲ್ಲಿ ರಾಜಕುಮಾರ್ ಪಿಸ್ತೂಲು ಹಿಡಿದ ಠೀವಿಯನ್ನು ನಮ್ಮೂರಿನ ಟಾಕೀಸುಗಳು ಮತ್ತೆ ಮತ್ತೆ ತೋರಿಸಿದವು. ಆ ಪಿಸ್ತೂಲಿಗೆ ಗುರಿಮಣಿ ಇತ್ತೋ ಇಲ್ಲವೋ ನೋಡಿದವರಿಲ್ಲ. 2022ರ 'ಕೆ.ಜಿ.ಎಫ್.' ಎರಡನೇ ಭಾಗದಲ್ಲಿ ಪೊಲೀಸ್ ಠಾಣೆಯನ್ನು ಜಾಲಾಡುವ ಮಷಿನ್‌ಗನ್ನಿಗೆ 'ದೊಡ್ಡಮ್ಮ' ಎಂದೇ ಹೆಸರು. ಥಿಯೇಟರಿನಲ್ಲಿ ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ. ಮನಸ್ಸಿನ ಒಂದು ಮೂಲೆ ಇನ್ನೂ ಕೇಪಿನ ರೋಲು ಹಿಡಿದೇ ಕೂತಿದೆ, ಏನು ಮಾಡುವುದು.

ನಿಜವಾದ ಬಂದೂಕು ಬಯಲುಸೀಮೆಯ ನಮಗೆ ಕಾಣುತ್ತಿದ್ದುದು ಬ್ಯಾಂಕಿನ ಬಾಗಿಲಲ್ಲಿ ಮಾತ್ರ. ಸ್ಟೂಲಿನ ಮೇಲೆ ನಿವೃತ್ತ ಸಿಪಾಯಿ, ಎದೆಯ ಪಟ್ಟಿಯಲ್ಲಿ ಕೆಂಪು ತೋಟಾಗಳು, ಮೊಣಕಾಲ ನಡುವೆ ಜೋಡುನಳಿಗೆ. ನಿಜವಾದ ಬಂದೂಕನ್ನು ಮುಟ್ಟುವ ಭಾಗ್ಯ ಕಾಲೇಜಿಗೆ ಹೋಗಿ ಎನ್.ಸಿ.ಸಿ. ಸೇರಿದ ಮೇಲೆ ಬಂತು. ಪಾಯಿಂಟ್ ಟೂ-ಟೂ ರೈಫಲ್, 25 ಗಜದ ದೂರ, ನೆಲದ ಮೇಲೆ ಮಕಾಡೆ ಮಲಗಿ ಹೊಡೆಯಬೇಕು. ನನ್ನ ಪಕ್ಕದವನ ಒಂದು ಗುಂಡು ನಟ್ಟನಡುವೆ ತಾಗಿ, ಉಳಿದವು ಕಾಗದದ ನಾಲ್ಕೂ ಮೂಲೆಗೆ ಚೆದುರಿದ್ದವು. ಅವನು ಕುಣಿದಾಡಿದ. ಹವಾಲ್ದಾರರು ಅವನ ಕಡೆ ತಿರುಗಿಯೂ ನೋಡಲಿಲ್ಲ. ನಡುವಿನಿಂದ ದೂರ, ಎಡಗಡೆಯ ಕೆಳಮೂಲೆಯಲ್ಲಿ ಒಂದು ರೂಪಾಯಿ ನಾಣ್ಯ ಮುಚ್ಚುವಷ್ಟು ಜಾಗದಲ್ಲಿ ಎಲ್ಲ ತೂತುಗಳನ್ನೂ ಒತ್ತಿಟ್ಟಿದ್ದ ಇನ್ನೊಬ್ಬನ ಬೆನ್ನು ತಟ್ಟಿದರು. ಇದಕ್ಕೆ ಗ್ರೂಪಿಂಗ್ ಅನ್ನುತ್ತಾರೆ. ಗುಂಪು ಬಿಗಿಯಾಗಿದ್ದರೆ ತಪ್ಪು ರೈಫಲಿನದು, ಗುರಿಮಣಿಯನ್ನು ಕೂದಲೆಳೆಯಷ್ಟು ಸರಿಸಿದರೆ ಮುಗಿಯಿತು. ಗುಂಪು ಚೆದುರಿದ್ದರೆ ತಪ್ಪು ಹೊಡೆಯುವವನ ಉಸಿರಿನದು, ಬೆರಳಿನದು. ಅದನ್ನು ಯಾವ ತಿರುಪೂ ಸರಿಮಾಡದು. ನನ್ನ ಹುಚ್ಚು ಸದ್ದಿನಿಂದ ಗುರಿಗೆ ಹೊರಳಿದ್ದು ಅಲ್ಲಿ.

ಆದರೆ ಚರಿತ್ರೆಗೆ ಗುಂಪು, ಗುರಿ ಇವೆಲ್ಲ ಬೇಕಿಲ್ಲ. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುವ ಕಲ್ಲುಗಳು ಇನ್ನೂ ಇವೆ. ಇಲ್ಲಿಂದ ಹೋದ ಶಾಲಾ ಮಕ್ಕಳೆಲ್ಲ ಅವುಗಳ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಭಾರಿ ಕಲ್ಲು ನೋಡಿದರೆ ಮದ್ದಿನ ಮೇಲೆ ಪಾಳೆಯಗಾರರು ಎಷ್ಟು ಜೀವ ಇಟ್ಟಿದ್ದರೆಂದು ತಿಳಿಯುತ್ತದೆ. ಅದಕ್ಕೂ ಹಿಂದೆ, 1520ರಲ್ಲಿ, ಕೃಷ್ಣದೇವರಾಯ ರಾಯಚೂರಿನ ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ಟೊವಾವೊ ದೆ ಫಿಗೇರೆದೊ ಎಂಬ ಪೋರ್ಚುಗೀಸನ ಬಂದೂಕುಗಾರರು ಜತೆಗಿದ್ದರು. ಗೋಡೆಯ ಮೇಲೆ ತಲೆ ತೋರಿಸಿದವರನ್ನು ಅವರು ಒಬ್ಬೊಬ್ಬರನ್ನಾಗಿ ಆರಿಸಿ ಹೊಡೆದರೆಂದು ಪ್ರವಾಸಿ ನ್ಯೂನಿಜ್ ಬರೆದಿಟ್ಟಿದ್ದಾನೆ. ಆಗಿನ ಕಾಲಕ್ಕೆ ಅದು ಹೊಸ ವಿದ್ಯೆ. ವಿದ್ಯೆ ಹಳತಾದ ಮೇಲೆ ಉಳಿದ ಪ್ರಶ್ನೆ ಒಂದೇ: ಕೋವಿ ಯಾರ ಕೈಯಲ್ಲಿ ಇರಬೇಕು?

ಇದಕ್ಕೆ ಬ್ರಿಟಿಷ್ ಆಡಳಿತ ಕೊಟ್ಟ ಎರಡು ಉತ್ತರಗಳು ಕರ್ನಾಟಕದಲ್ಲೇ ಇವೆ, ನಾಲ್ಕೇ ವರ್ಷಗಳ ಅಂತರದಲ್ಲಿ. 1857ರಲ್ಲಿ ಸಿಪಾಯಿಗಳ ದಂಗೆ ಎದ್ದಾಗ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾಯ್ದೆ ಬಂತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆ ಅವರ ಹೊಟ್ಟೆಪಾಡು. ಆಯುಧ ಅವರ ಮನೆಸಾಮಾನೂ ಹೌದು, ಮಾನವೂ ಹೌದು. ನವೆಂಬರ್ ಕೊನೆಗೆ ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಜಡಗ, ಬಾಲ, ಹನುಮ, ರಾಮ ಎಂಬ ಆ ಹೆಸರುಗಳು ಲಾವಣಿಯಾಗಿ ಉಳಿದವು; ಅದನ್ನು ಸಂಗ್ರಹಿಸಿದವನೂ ಒಬ್ಬ ಇಂಗ್ಲಿಷ್ ಅಧಿಕಾರಿಯೇ, ಜೆ.ಎಫ್. ಫ್ಲೀಟ್. ನಮ್ಮ ಮಕ್ಕಳು ಅದನ್ನು ಹತ್ತನೇ ತರಗತಿಯ ಕನ್ನಡ ಪುಸ್ತಕದಲ್ಲಿ ಓದುತ್ತಾರೆ. ಆ ಲಾವಣಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಕಾದಾಟದ ವರ್ಣನೆಯಲ್ಲ, ಲೂಟಿಯಾದ ಮನೆಸಾಮಾನುಗಳ ಪಟ್ಟಿ. ಆಯುಧ ಕೊಡದವರ ಮನೆಯಿಂದ ಅಡುಗೆಮನೆಯ ಸಾಮಾನನ್ನೂ ಬಿಡದೆ ಹೊತ್ತೊಯ್ದರು.

ಎರಡನೆಯ ಉತ್ತರ ಕೊಡಗಿನದು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರನ್ನು ಅದೇ ನಿಶ್ಶಸ್ತ್ರೀಕರಣದಿಂದ ಹೊರಗಿಟ್ಟ. ದಂಗೆಯ ದಿನಗಳಲ್ಲಿ ನಿಷ್ಠೆ ತೋರಿದ್ದಕ್ಕೆ ಅದು ಬಹುಮಾನ. ಆ ವಿನಾಯಿತಿ ಬ್ರಿಟಿಷರು ಹೋದ ಮೇಲೂ ಉಳಿಯಿತು, 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೂ ಉಳಿಯಿತು. ಕೊಡವರು ಮತ್ತು ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರು ವಿನಾಯಿತಿ ಪತ್ರವೊಂದಿದ್ದರೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದು. ಇದು ಸಮಾನತೆಗೆ ವಿರುದ್ಧವೆಂದು ಹೈಕೋರ್ಟಿಗೆ ಹೋದ ಅರ್ಜಿ 2021ರಲ್ಲಿ ಬಿದ್ದುಹೋಯಿತು. ಈಗಿನ ಅಧಿಸೂಚನೆ 2029ರವರೆಗೆ ನಡೆಯುತ್ತದೆ.

ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಸಾವಾದರೆ ಒಂದರ ಹಿಂದೊಂದು ಎರಡು. ಸೆಪ್ಟೆಂಬರಿನ ಕೈಲ್ ಪೋಳ್ದ್ ಹಬ್ಬದಲ್ಲಿ ಕೋವಿಗಳನ್ನು ಸಾಲಾಗಿಟ್ಟು, ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪೈಪೋಟಿ. ಈಚೆಗೆ ಅದರಲ್ಲಿ ಹೆಂಗಸರೂ ನಿಲ್ಲುತ್ತಾರೆ. ಕೋವಿಯನ್ನು ಇಷ್ಟು ಮರ್ಯಾದೆಯಿಂದ ನಡೆಸಿಕೊಂಡ ಸಮುದಾಯ ನಾಡಿನಲ್ಲಿ ಇನ್ನೊಂದಿಲ್ಲ. ಆ ವಿನಾಯಿತಿಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಹಲಗಲಿಯವನಿಗೂ ಅವನ ಆಯುಧ ಅಷ್ಟೇ ಪೂಜ್ಯವಾಗಿತ್ತು ಅನ್ನುವುದನ್ನು ಮರೆಯಲಾಗುವುದಿಲ್ಲ. ಒಬ್ಬನಿಗೆ ಹಬ್ಬ, ಒಬ್ಬನಿಗೆ ಗಲ್ಲು ಆದದ್ದು 1857ರಲ್ಲಿ ಯಾರು ಯಾವ ಪಕ್ಕ ನಿಂತರು ಎಂಬುದರ ಮೇಲೆ.

ಅಹಿಂಸೆಯ ಗಾಂಧೀಜಿಯನ್ನೂ ಈ ಪ್ರಶ್ನೆ ಕಾಡಿತ್ತು ಎಂದರೆ ಹಲವರು ನಂಬುವುದಿಲ್ಲ. 1930ರಲ್ಲಿ, ಉಪ್ಪಿನ ಸತ್ಯಾಗ್ರಹಕ್ಕೆ ಹೊರಡುವ ಮೊದಲು ಅವರು ವೈಸರಾಯ್ ಇರ್ವಿನ್ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಗೆ ಬಂದೂಕಿನ ಲೈಸೆನ್ಸ್ ಕೊಡಬೇಕೆಂಬುದೂ ಒಂದು.

ಇವತ್ತು ಮಲೆನಾಡಿನ ರೈತನ ಕೈಯಲ್ಲಿರುವುದು ಬೆಳೆ ರಕ್ಷಣೆಯ ಕೋವಿ. ಚುನಾವಣೆ ಘೋಷಣೆಯಾದರೆ ಅದು ಠಾಣೆಗೆ ಹೋಗುತ್ತದೆ. ತಿಂಗಳುಗಟ್ಟಲೆ ಅಲ್ಲಿ ಕೂತು ಬರುವಷ್ಟರಲ್ಲಿ ಹಂದಿ, ಮಂಗಗಳು ತಮ್ಮ ಪಾಲು ತಿಂದು ಮುಗಿಸಿರುತ್ತವೆ. ಮತಕ್ಕೂ ಮಂಗಕ್ಕೂ ಏನು ಸಂಬಂಧ ಎಂದು ಕೇಳುವ ರೈತನಿಗೆ ಉತ್ತರ ಕೊಟ್ಟವರನ್ನು ನಾನು ಕಂಡಿಲ್ಲ.

ಲೈಸೆನ್ಸು, ಠಾಣೆ, ವಿನಾಯಿತಿ ಎಲ್ಲದರ ಆಚೆ ಇನ್ನೊಂದು ಬಗೆಯ ಬಂದೂಕು ಇದೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಮನೆಯಲ್ಲಿ ವಚನ ಸಂಶೋಧಕ ಎಂ.ಎಂ. ಕಲಬುರ್ಗಿ ಅವರನ್ನು ಕೊಂದದ್ದು, 2017ರ ಸೆಪ್ಟೆಂಬರ್ 5ರ ಸಂಜೆ ಬೆಂಗಳೂರಿನಲ್ಲಿ ತಮ್ಮ ಮನೆಯ ಮುಂದೆಯೇ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಕೊಂದದ್ದು 7.65 ಎಂ.ಎಂ. ನಾಡ ಪಿಸ್ತೂಲು. ಎರಡೂ ಕಡೆ ಸಿಡಿದದ್ದು ಒಂದೇ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯ ಹೇಳಿತು. ಬಂದೂಕನ್ನು ಇಷ್ಟಪಡುವ ಯಾರೂ ಇದನ್ನು ಪಕ್ಕಕ್ಕಿಟ್ಟು ಬರೆಯಲಾರರು. ವಚನಗಳ ಕಟ್ಟುಗಳ ನಡುವೆ ಬದುಕಿದ ಮುದುಕರ ಎದುರು ನಿಂತು ಕುದುರೆ ಒತ್ತಲು ಗುರಿ ಬೇಕಿಲ್ಲ, ಉಸಿರಿನ ಹಿಡಿತ ಬೇಕಿಲ್ಲ, ಅಭ್ಯಾಸವೂ ಬೇಕಿಲ್ಲ. ಹವಾಲ್ದಾರರು ನಮ್ಮಿಂದ ಕೇಳಿದ ಯಾವುದೂ ಅಲ್ಲಿ ಇರಲಿಲ್ಲ. ಬಂದೂಕಿನ ಅತಿ ಭಯಂಕರ ಉಪಯೋಗ ಅತಿ ಸುಲಭದ್ದೂ ಹೌದು.

ಇದಕ್ಕೇ ನಾನು ಕ್ರೀಡೆಯ ಬಂದೂಕಿನ ಪಕ್ಷ. ಅದರಿಂದ ಯಾರನ್ನೂ ಹೆದರಿಸಲಾಗದು. ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಗುಂಡಿನ ದಪ್ಪ 4.5 ಮಿಲಿಮೀಟರ್, ಅದು ತಾಗಬೇಕಾದ ನಡುಚುಕ್ಕೆ ಅರ್ಧ ಮಿಲಿಮೀಟರ್. ಒಂದು ಗುಂಡಿಗೆ ಗರಿಷ್ಠ 10.9 ಅಂಕ, 60 ಗುಂಡು. ಕಾಲಾವಕಾಶ ಒಂದೂಕಾಲು ಗಂಟೆ; ಅಷ್ಟು ಹೊತ್ತು ಮನುಷ್ಯ ಕಂಬವಾಗಿ ನಿಲ್ಲಬೇಕು. ಎದೆಬಡಿತ ಕೂಡ ನಳಿಗೆಯನ್ನು ಅಲುಗಿಸುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್ ಫೈನಲಿನಲ್ಲಿ ಕೊನೆಯ ಗುಂಡಿಗೆ ಮೊದಲು ಅಭಿನವ್ ಬಿಂದ್ರಾ ಮತ್ತು ಫಿನ್ಲೆಂಡಿನ ಹೆನ್ರಿ ಹ್ಯಾಕಿನೆನ್ ಸಮಸಮ ಇದ್ದರು. ಬಿಂದ್ರಾ 10.8 ಹೊಡೆದರು, ಹ್ಯಾಕಿನೆನ್ 9.7. ಒಬ್ಬರಿಗೆ ಭಾರತದ ಮೊದಲ ವೈಯಕ್ತಿಕ ಚಿನ್ನ, ಇನ್ನೊಬ್ಬರಿಗೆ ಕಂಚು.

ನಮ್ಮವರೇ ಆದ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರದು ಇನ್ನೂ ಸೋಜಿಗದ ಕಥೆ. ತಂದೆ ಶೂಟರ್, ಮಗ ಎಂಜಿನಿಯರಾಗಿ ಕೆನಡಾದಲ್ಲಿ ಕೆಲಸ ಮಾಡಿ ಬಂದವರು. 2013ರಲ್ಲಿ ಮುಖದ ಒಂದು ಪಕ್ಕ ಸ್ವಾಧೀನ ತಪ್ಪಿತು. ಕಣ್ಣನ್ನೇ ನಂಬಿದ ಆಟದಲ್ಲಿ ಅದಕ್ಕಿಂತ ದೊಡ್ಡ ಪೆಟ್ಟು ಇಲ್ಲ. ಮರುವರ್ಷ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಏರ್ ಪಿಸ್ತೂಲಿನ ಬೆಳ್ಳಿ ಗೆದ್ದರು. ಬೆಂಗಳೂರಿನವರೇ ಆದ ದಿವ್ಯಾ ಟಿ.ಎಸ್. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಿಂದ ಎರಡು ಬೆಳ್ಳಿ ತಂದರು, ಒಂದು ತಂಡದ್ದು, ಒಂದು ಸರಬ್ಜೋತ್ ಸಿಂಗ್ ಜತೆಗಿನ ಮಿಶ್ರ ಜೋಡಿಯದ್ದು.

ನಮ್ಮ ಬಡಾವಣೆಯ ಹುಡುಗಿಯೊಬ್ಬಳು ಈಗ ಇದೇ ಹಾದಿಯಲ್ಲಿದ್ದಾಳೆ. ಹೆಚ್ಚಿನ ಅಭ್ಯಾಸ ಗುಂಡಿಲ್ಲದೆಯೇ: ಬರಿಯ ಗೋಡೆಗೆ ಗುರಿಯಿಟ್ಟು, ಕುದುರೆ ಒತ್ತಿ, ಮತ್ತೆ ಗುರಿ. ಅವಳ ಅಜ್ಜಿಗೆ ಇದು ಹಿಡಿಸದು. "ತಾಸುಗಟ್ಲೆ ನಿಂತಿರ್ತಾಳ್ರೀ, ಒಂದು ಸದ್ದಿಲ್ಲ, ಸುಡುಗಾಡಿಲ್ಲ. ಇದೆಂಥ ಬಂದೂಕು?" ಎಂದು ಗೇಟಿನ ಬಳಿ ನನ್ನನ್ನು ತಡೆದು ಕೇಳಿದರು. ಒಳ್ಳೆಯ ಬಂದೂಕು, ಅಜ್ಜಿ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ.

ಸಮಾಧಾನವಾಗದ ಇನ್ನೊಂದು ವಿಷಯ ಅವಳ ಅಪ್ಪನದು. 4.5 ಮಿಲಿಮೀಟರ್ ಮೀರದ, 20 ಜೂಲ್ ಮೀರದ ಏರ್‌ಗನ್ನಿಗೆ 2016ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕಿಲ್ಲ. ಕಾಯ್ದೆ ದಾರಿ ಬಿಟ್ಟಿದೆ, ಬೆಲೆ ಬಿಡುವುದಿಲ್ಲ. ಸ್ಪರ್ಧೆಗೆ ತಕ್ಕ ಜರ್ಮನ್ ರೈಫಲ್ ಲಕ್ಷ ದಾಟುತ್ತದೆ, ದಪ್ಪ ಜಾಕೆಟ್ಟು, ಬೂಟು, ಗುಂಡಿನ ಡಬ್ಬಿಗಳು ಬೇರೆ. ಜಗಳೂರಿನ, ಹರಪನಹಳ್ಳಿಯ ಮಗುವಿಗೆ ಇವತ್ತಿಗೂ ರೈಫಲ್ ಮುಟ್ಟುವ ದಾರಿ ಎನ್.ಸಿ.ಸಿ. ಒಂದೇ. 1857ರಲ್ಲಿ ಸರ್ಕಾರ ಕೇಳಿದ ಪ್ರಶ್ನೆಯನ್ನು ಈಗ ಅಂಗಡಿ ಕೇಳುತ್ತಿದೆ.

ಆದರೂ ಎಲ್ಲರೂ ಹಂಚಿಕೊಳ್ಳುವ ಒಂದು ಶೂಟಿಂಗ್ ರೇಂಜಿಗೆ ದೊಡ್ಡ ಜಾಗ ಬೇಕಿಲ್ಲ. ಹತ್ತು ಮೀಟರ್ ಅಂದರೆ ಮೂವತ್ಮೂರು ಅಡಿಗೆ ಚೂರು ಕಡಿಮೆ. ಮೂವತ್ತು-ನಲವತ್ತರ ಸೈಟಿನ ಉದ್ದದಲ್ಲಿ ಹಿಡಿಸಿಬಿಡುತ್ತದೆ. ಬೇಕಾದದ್ದು ಒಂದು ಗಟ್ಟಿ ಗೋಡೆ, ಒಳ್ಳೆಯ ಬೆಳಕು, ಸರದಿಯ ಮೇಲೆ ಹಂಚಿಕೊಳ್ಳುವ ನಾಲ್ಕಾರು ರೈಫಲ್ಲು, ಬೆನ್ನು ತಟ್ಟಲು ತಿಳಿದ ಒಬ್ಬ ಹವಾಲ್ದಾರ. ಹತ್ತಿ ಗಿರಣಿಗಳು ಮುಚ್ಚಿದ ಈ ಊರಿನಲ್ಲಿ ಖಾಲಿ ಗೋದಾಮಿಗೆ ಬರವಿಲ್ಲ. ಪಾಲಿಕೆಯವರು ಮನಸ್ಸು ಮಾಡಿದರೆ ಬಾಡಿಗೆಗೂ ಸಿಕ್ಕೀತು.