ಒಂದೇ ರಿಪೋರ್ಟು ನೋಡಿ ಥೈರಾಯ್ಡ್ ತೀರ್ಮಾನ ಬೇಡ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಅಕ್ಕತಂಗಿಯರಲ್ಲಿ, ಅವರ ಮನೆಯವರಲ್ಲಿ ಒಂದು ಕಳಕಳಿಯ ಮನವಿ. ರಿಪೋರ್ಟಿನಲ್ಲಿ ಟಿಎಸ್‌ಎಚ್ ಅಂಕಿ ದಪ್ಪಕ್ಷರದಲ್ಲಿ ಬಂದ ಕೂಡಲೇ ‘ನಂಗೆ ಥೈರಾಯ್ಡ್ ಬಂದದೆ’ ಎಂದು ಎದೆಗುಂದಬೇಡಿ. ಪಕ್ಕದ ಮನೆಯವರು ನುಂಗುವ ಮಾತ್ರೆಯನ್ನೇ ಮೆಡಿಕಲ್ ಸ್ಟೋರಿನಿಂದ ತಂದು ಶುರುಮಾಡಬೇಡಿ. ಅಂಕಿ ಸರಿಹೋಯಿತೆಂದು, ವರ್ಷಗಳಿಂದ ನುಂಗುತ್ತಿರುವ ಮಾತ್ರೆಯನ್ನು ನೀವಾಗಿ ನಿಲ್ಲಿಸಲೂ ಬೇಡಿ. ಅಂಕಿ ಸರಿಹೋಗಿರುವುದು ಆ ಮಾತ್ರೆಯಿಂದಲೇ ಇರಬಹುದು.

ಪರೀಕ್ಷೆ ಸುಳ್ಳಲ್ಲ. ಥೈರಾಯ್ಡ್ ತೊಂದರೆ ಪತ್ತೆಗೆ ಟಿಎಸ್‌ಎಚ್‌ಗಿಂತ ಒಳ್ಳೆಯ ಮೊದಲ ಪರೀಕ್ಷೆ ಇಲ್ಲ. ಕತ್ತಿನ ಗ್ರಂಥಿ ಹಾರ್ಮೋನು ಕಡಿಮೆ ಮಾಡಿದರೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಏರಿಸುತ್ತದೆ. ನಾಲೆಯ ಕೊನೇ ಭಾಗಕ್ಕೆ ನೀರು ಕಡಿಮೆಯಾದಷ್ಟೂ ರೈತರ ಕೂಗು ಜೋರಾಗುವ ಹಾಗೆ. ಆದರೆ ಈ ಕೂಗು ದಿನವಿಡೀ ಒಂದೇ ಸಮ ಇರುವುದಿಲ್ಲ. ರಾತ್ರಿಯಿಂದ ಬೆಳಗಿನ ಜಾವದವರೆಗೆ ಹೆಚ್ಚು, ಮಧ್ಯಾಹ್ನ ಕಡಿಮೆ. ಸಾಮಾನ್ಯ ಮಿತಿ ಸುಮಾರು 0.4ರಿಂದ 4.5. ಬೆಳಿಗ್ಗೆ 5 ಬಂದದ್ದು ಮಧ್ಯಾಹ್ನ ಮಿತಿಯೊಳಗೇ ಇರಬಹುದು. 10 ದಾಟಿದ್ದರೆ ಮಾತು ಬೇರೆ. ಅದಕ್ಕಿಂತ ಕೆಳಗಿದ್ದು, ಥೈರಾಯ್ಡ್ ಹಾರ್ಮೋನನ್ನೇ ಅಳೆಯುವ ಫ್ರೀ ಟಿ-4 ಸರಿಯಿದ್ದರೆ, ವೈದ್ಯರನ್ನು ಕೇಳಿಕೊಂಡು ಎರಡು ಮೂರು ತಿಂಗಳು ಬಿಟ್ಟು ಅದೇ ಲ್ಯಾಬಿನಲ್ಲಿ, ಅದೇ ಹೊತ್ತಿಗೆ ಮತ್ತೊಮ್ಮೆ ರಕ್ತ ಕೊಡಿ. ಎಷ್ಟೋ ಜನರಲ್ಲಿ ಅದು ತಾನಾಗಿಯೇ ಇಳಿದಿರುತ್ತದೆ. 65 ದಾಟಿದವರ ಮೇಲೆ ಯುರೋಪಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ಸಣ್ಣ ಏರಿಕೆಗೆ ಮಾತ್ರೆ ಕೊಟ್ಟರೂ ಸುಸ್ತು ಕಡಿಮೆಯಾಗಲಿಲ್ಲ.

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ಕೂದಲು ಉದುರುತ್ತದೆ ಎಂದು ಹೆಣ್ಣುಮಕ್ಕಳು ಬಯೋಟಿನ್ ಮಾತ್ರೆ ನುಂಗುತ್ತಾರೆ. ಕೂದಲು ಉದುರುವುದು ಥೈರಾಯ್ಡಿನಿಂದಲೋ ಎಂದು ರಕ್ತವನ್ನೂ ಕೊಡುತ್ತಾರೆ. 5, 10 ಮಿಲಿಗ್ರಾಂ ಬಯೋಟಿನ್ ನುಂಗಿ ರಕ್ತ ಕೊಟ್ಟರೆ ಕೆಲವು ಯಂತ್ರಗಳು ಟಿಎಸ್‌ಎಚ್ ಅನ್ನು ಇರುವುದಕ್ಕಿಂತ ಕಡಿಮೆಯಾಗಿ, ಟಿ-4 ಅನ್ನು ಹೆಚ್ಚಾಗಿ ತೋರಿಸುತ್ತವೆ. ಏನೂ ಇಲ್ಲದವರಿಗೆ ಥೈರಾಯ್ಡ್ ಹೆಚ್ಚಾಗಿದೆ ಎಂಬ ಹಣೆಪಟ್ಟಿ ಬೀಳುತ್ತದೆ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮುಂಚೆ ಆ ಮಾತ್ರೆ ನಿಲ್ಲಿಸಿ. ಥೈರಾಯ್ಡ್ ಮಾತ್ರೆ ನುಂಗುವವರು ಆವತ್ತು ರಕ್ತ ಕೊಟ್ಟ ಮೇಲೆಯೇ ನುಂಗಿ. ತಿಂಗಳುಗಟ್ಟಲೆ ಬಿಟ್ಟು, ಪರೀಕ್ಷೆಗೆ ನಾಲ್ಕು ದಿನ ಇರುವಾಗ ಶುರುಮಾಡಿದರೆ ಟಿ-4 ಸರಿಯಾಗಿ ಕಾಣುತ್ತದೆ, ಟಿಎಸ್‌ಎಚ್ ಏರಿಯೇ ಇರುತ್ತದೆ. ವೈದ್ಯರಿಗೆ ಇದ್ದದ್ದನ್ನು ಹೇಳಿ.

ಬಸುರಿಯರು ಮಾತ್ರ ಕಾಯಬಾರದು. ಮೊದಲ ತಿಂಗಳುಗಳಲ್ಲಿ ಟಿಎಸ್‌ಎಚ್ ಮಿತಿ ಕೆಳಗಿರುತ್ತದೆ, ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಅಚ್ಚಾಗಿರುವುದು ಬಸುರಿಯಲ್ಲದವರ ಮಿತಿ. ‘ಬಸುರೀಲಿ ಮಾತ್ರೆ ಬ್ಯಾಡ ಕಣವ್ವ’ ಎಂದು ಮನೆಯ ಹಿರಿಯರು ಪ್ರೀತಿಯಿಂದಲೇ ಹೇಳಿದರೂ ಥೈರಾಯ್ಡ್ ಮಾತ್ರೆ ಬಿಡಬೇಡಿ. ಆಗ ಕೂಸಿನ ಮಿದುಳು ಬೆಳೆಯುವುದು ತಾಯಿಯ ಹಾರ್ಮೋನಿನಿಂದ. ಮುಟ್ಟು ನಿಂತದ್ದು ತಿಳಿದ ವಾರದಲ್ಲೇ ತಾಲ್ಲೂಕು ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಹೋಗಿ; ಬಹುತೇಕರಿಗೆ ಡೋಸ್ ಹೆಚ್ಚಿಸಬೇಕಾಗುತ್ತದೆ.

ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ, ಆಮೇಲೆ ಎದೆಹಾಲೂ ಬರದೆ, ಮುಟ್ಟೂ ಮರಳದೆ, ವರ್ಷಗಟ್ಟಲೆ ಸುಸ್ತಿನಲ್ಲೇ ಇರುವ ತಾಯಂದಿರಿದ್ದಾರೆ. ಅಂಥವರಲ್ಲಿ ಪಿಟ್ಯುಟರಿಯೇ ಪೆಟ್ಟು ತಿಂದಿರಬಹುದು. ಕೂಗುವವರ ದನಿಯೇ ಅಡಗಿದ್ದರೆ ಟಿಎಸ್‌ಎಚ್ ನಾರ್ಮಲ್ ಎಂದೇ ಬರಬಹುದು. ಅವರಿಗೆ ಫ್ರೀ ಟಿ-4 ಕೂಡ ಮಾಡಿಸಿ, ಹೆರಿಗೆಯ ಕಥೆಯನ್ನು ವೈದ್ಯರಿಗೆ ಬಿಡಿಸಿ ಹೇಳಿ.

ಲ್ಯಾಬ್ ನಡೆಸುವವರಲ್ಲೂ ಕೈಮುಗಿದು ಕೇಳುತ್ತೇನೆ. ತೋಳಿಗೆ ಪಟ್ಟಿ ಬಿಗಿಯುವ ಮುಂಚೆ ಬಂದವರನ್ನು ಮಾತಾಡಿಸಿ: ಬಸುರಿಯಾ, ಬೆಳಗಿನ ಮಾತ್ರೆ ಆಯಿತಾ, ಕೂದಲಿನ ಮಾತ್ರೆ ಏನಾದರೂ ನುಂಗುತ್ತಿದ್ದೀರಾ? ಅವರು ಹೇಳಿದ್ದನ್ನು, ರಕ್ತ ತೆಗೆದ ಹೊತ್ತನ್ನು ರಿಪೋರ್ಟಿನ ಮೇಲೇ ಬರೆದುಕೊಡಿ.